ಟೆರೇಸ್ ಮ್ಯಾಲೆ ಯಾವ ಬೀನ್ಸ್ ಹಾಕಬೇಕು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ್ಯಾಗ ಕೈತೋಟದ ಬಗ್ಗೆ ಬಂದದ್ದನ್ನ ತಪ್ಪದ ಓದತೀನಿ, ಆದ್ರ ಬೀನ್ಸ್ ತಳಿಗಳ ಬಗ್ಗೆ ಯಾರೂ ಬಿಡಿಸಿ ಬರದಿಲ್ಲ ಅಂತ ಈ ಪತ್ರ. ನಾವಿರೋದು ಪುಣೆ ಕೋಥ್ರೂಡ್‌ನ್ಯಾಗ, ಟೆರೇಸ್ ಮ್ಯಾಲೆ ಗ್ರೋ ಬ್ಯಾಗ್‌ನ್ಯಾಗ ಮೂರು ತಳಿ ಹಾಕಿ ನೋಡೀನಿ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ಕೋಮಲ್ ಗಿಡ್ಡ ಗಿಡ, ಕೋಲು ಬ್ಯಾಡ, ಚಪ್ಪಟೆ ಕಾಯಿ, ಪಲ್ಯಕ್ಕ ನನಗ ಇದ ಭಾಳ ಸೇರಿತು. ಕಂಟೆಂಡರ್ ಕಾಯಿ ದುಂಡಗ, 50-55 ದಿನಕ್ಕ ಕೈಗೆ ಬರತದ, ಆದ್ರ ಗಿಡ್ಡ ತಳಿ ಎರಡೂ ಒಮ್ಮೆಲೆ ಕಾಯಿ ಬಿಟ್ಟು ಎರಡು ಮೂರು ವಾರದಾಗ ಮುಗದಬಿಡತಾವ. ಕೆಂಟಕಿ ವಂಡರ್ ಬಳ್ಳಿ, ಆರಡಿ ಹಂದರ ಬೇಕ, ತಡ ಮಾಡತದ ಖರೆ ಆದ್ರ ಭಾಳ ದಿನ ಮುಟಗಿ ಮುಟಗಿ ಕೊಡಕೋತ ಇರತದ, ಎಳೀದ ಇದ್ದಾಗ ಹರೀಬೇಕು ಇಲ್ಲಾಂದ್ರ ನಾರು ಬರತದ. ಬ್ಯಾಸಗಿ ಬಿಸಲಿಗೆ ಮೂರರ ಹೂವೂ ಉದರತಾವ, ಅದಕ್ಕ ನಾನು ಅಕ್ಟೋಬರ್‌ನ್ಯಾಗ ಬಿತ್ತತೀನಿ.

ಇಲ್ಲಿ ಅಂಗಡ್ಯಾಗ ಘೇವಡಾ ಬೀಜ ಅಂತ ಕೇಳಿದ್ರ ಒಮ್ಮೊಮ್ಮೆ ಅವರೆ ಬೀಜ ಕೊಡತಾರ, ಮರಾಠಿಯೊಳಗ ಎರಡಕ್ಕೂ ಘೇವಡಾ ಅಂತಾರ, ಬೀನ್ಸ್ ಬೇಕಂದ್ರ ಫರಸಬಿ ಅಂತನ ಕೇಳ್ರಿ. ಪಾಕೀಟಿನ ಮ್ಯಾಲೆ ಗಿಡ್ಡೋ ಬಳ್ಳಿಯೋ ಅಂತ ದೊಡ್ಡ ಅಕ್ಷರದಾಗ ಬರದಿರಬೇಕು, ಈ ವಿಷಯ ನಿಮ್ಮ ಪುರವಣಿಯೊಳಗೂ ಎತ್ತರಿ.

ಒಬ್ಬ ಓದುಗ, ಪುಣೆ