ಅಪ್ಪಯ್ಯನ ಹೆಬ್ಬೆರಳಿನ ಕಪ್ಪು ಗೆರೆ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ನೀನು ಕಳಿಸಿದ ಉಗುರಿನ ಫೋಟೋಗಳಲ್ಲಿ ಅಪ್ಪಯ್ಯನದಕ್ಕೆ ಮಾತ್ರ ತಡಮಾಡಬೇಡ. ಹೆಬ್ಬೆರಳಿನ ಆ ಕಪ್ಪು ಗೆರೆ ನೀನಂದುಕೊಂಡಂತೆ ಅಡಿಕೆ ಸುಲಿದ ಕರೆ ಅಲ್ಲ. ಅಡಿಕೆಯ ಚೊಗರು ಹಲವು ಬೆರಳಿಗೆ ಹತ್ತುತ್ತದೆ, ಉಗುರಿನ ಮೇಲ್ಮೈಯಲ್ಲೇ ಇರುತ್ತದೆ, ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಏಳುತ್ತದೆ. ಇದು ಒಂದೇ ಬೆರಳಲ್ಲಿ, ಬುಡದಿಂದ ತುದಿಯವರೆಗೆ ಎಳೆದ ಪಟ್ಟಿ. ಅಂದರೆ ಉಗುರು ಹುಟ್ಟುವ ಜಾಗದಿಂದಲೇ ಬಣ್ಣ ಬರುತ್ತಿದೆ. ಪಟ್ಟಿ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು ಇರುವುದನ್ನು ಗಮನಿಸು. ತುದಿಯ ಭಾಗ ಐದಾರು ತಿಂಗಳ ಹಿಂದೆ ಹುಟ್ಟಿದ್ದು, ಬುಡದ್ದು ಈಗಿನದು. ಗೆರೆ ಅಗಲವಾಗುತ್ತಲೇ ಇದೆ. 3 ಮಿಲಿಮೀಟರ್ ಮೀರಿದ ಅಗಲ, ಕಲಸಿದಂಥ ಅಂಚು, 60 ದಾಟಿದ ವಯಸ್ಸು, ಅದೂ ಹೆಬ್ಬೆರಳು: ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಇರಬಹುದೇ ಎಂದು ನೋಡಲು ಇಷ್ಟು ಸಾಕು. ಬಣ್ಣ ಉಗುರು ದಾಟಿ ಬುಡದ ಅಥವಾ ಪಕ್ಕದ ಚರ್ಮಕ್ಕೂ ಇಳಿದಿದೆಯೇ ಎಂದು ಹಗಲು ಬೆಳಕಲ್ಲಿ ನೋಡು. ಅದಕ್ಕೆ ಹಚಿನ್ಸನ್ ಚಿಹ್ನೆ ಎನ್ನುತ್ತೇವೆ. ತೆಳು ಚರ್ಮದಡಿಯ ಬಣ್ಣ ಹೊರಗೆ ತೋರಿಯೂ ಮೋಸವಾಗುತ್ತದೆ, ಹಾಗಾಗಿ ತೀರ್ಮಾನ ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಹಿಡಿದ ಡಾಕ್ಟರದು.

ಅತ್ತಿಗೆಯ ಕಾಲುಗುರಿನ ಕಲೆ ಕಲ್ಲು ಎಡವಿ ಹೆಪ್ಪುಗಟ್ಟಿದ ರಕ್ತ ಇದ್ದಂತಿದೆ. ರಕ್ತವಾದರೆ ಉಗುರಿನೊಂದಿಗೆ ಮುಂದೆ ಸರಿಯಬೇಕು. ಸ್ಕೇಲ್ ಪಕ್ಕದಲ್ಲಿಟ್ಟು ಈಗೊಂದು ಫೋಟೋ ತೆಗೆ, ಎರಡು ತಿಂಗಳಿಗೆ ಇನ್ನೊಂದು. ಕಾಲುಗುರು ಬೆಳೆಯುವುದು ತಿಂಗಳಿಗೆ 1ರಿಂದ 1.5 ಮಿಲಿಮೀಟರ್, ಕೈಯದು ಸುಮಾರು 3. ಅಷ್ಟರಲ್ಲಿ ಕಲೆಯ ಹಿಂದೆ ಹೊಸ ಉಗುರು ಕಾಣದಿದ್ದರೆ ಅವರನ್ನೂ ತೋರಿಸು. ಪೆಟ್ಟು ಬಿದ್ದದ್ದು ನಿಜವೇ ಆದರೂ ಅದರಿಂದ ಮೆಲನೋಮ ಇಲ್ಲವೆಂದಾಗದು.

ಅಮ್ಮನ ಐದಾರು ಬೆರಳಿನ ತೆಳು ಕಂದು ಗೆರೆಗಳು ವರ್ಷಗಳಿಂದ ಹಾಗೇ ಇವೆ. ನಮ್ಮ ಮೈಬಣ್ಣಕ್ಕೆ ಅದು ಸಹಜ. ಹೊಸದಾಗಿ ಹಲವು ಉಗುರು ಒಟ್ಟಿಗೆ ಕಪ್ಪಾದರೆ ವಿಟಮಿನ್ ಬಿ12 ಕೊರತೆಯನ್ನೂ ತೆಗೆದುಕೊಳ್ಳುವ ಮಾತ್ರೆಗಳನ್ನೂ ನೋಡಬೇಕು. ಫಂಗಸ್‌ನಿಂದಲೂ ಉಗುರು ಕಪ್ಪಾಗುವುದುಂಟು; ಆಗ ಸಾಮಾನ್ಯವಾಗಿ ಉಗುರು ದಪ್ಪವಾಗಿ ಪುಡಿ ಉದುರುತ್ತದೆ.

ಕೆಲವು ಮೆಲನೋಮಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ವಾಸಿಯಾಗದ ಉಗುರುಸುತ್ತು, ರಕ್ತ ಜಿನುಗುವ ಕೆಂಪು ಗಂಟು, ಕಾರಣವಿಲ್ಲದೆ ಸೀಳುವ ಉಗುರು ಕಂಡರೆ ಮುಲಾಮು ಹಚ್ಚುತ್ತ ಕೂರಬಾರದು.

ಈ ವಾರವೇ ಅಪ್ಪಯ್ಯನನ್ನು ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗು. ನಿರುಪದ್ರವಿ ಮಚ್ಚೆಯೂ ಆಗಿರಬಹುದು, ಫೋಟೋದಿಂದ ಹೇಳಲಾಗದು. ಬಯಾಪ್ಸಿ ಬೇಕೆಂದರೆ ಒಪ್ಪಿಕೊಳ್ಳಿ. ಚೂರು ತೆಗೆಯಬೇಕಾದ್ದು ಬಣ್ಣ ಹುಟ್ಟುವ ಬುಡದಿಂದ, ಉಗುರಿನ ತುದಿ ಕತ್ತರಿಸಿ ಕಳಿಸಿದರೆ ಸಾಲದು. ಸೂಜಿ, ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಅಪ್ಪಯ್ಯ ಹೆದರುತ್ತಾರೆ, ಅದು ಸುಳ್ಳು ಎಂದು ನೀನೇ ಹೇಳು. ಮೆಲನೋಮವೇ ಆಗಿದ್ದರೂ, ಮೇಲ್ಪದರದಲ್ಲೇ ಇರುವಾಗ ಸಿಕ್ಕಿದರೆ ಉಗುರು ಮತ್ತು ಅದರ ತಳ ತೆಗೆದು ಚರ್ಮ ಕಸಿ ಮಾಡಿ ಬೆರಳು ಉಳಿಸುತ್ತಾರೆ.

ಹೋಗುವ ಮೊದಲು ಉಗುರಿಗೆ ಮದರಂಗಿ, ಅರಿಶಿನ ಯಾವುದೂ ಬೇಡ. ಹಳೆಯ ಫೋಟೋಗಳಲ್ಲಿ ಅವರ ಆ ಬೆರಳು ಕಾಣುವಂಥದ್ದಿದ್ದರೆ ಜೊತೆಗಿಟ್ಟುಕೊ. ಗೆರೆ ಯಾವಾಗ ಶುರುವಾಯಿತು? ಡಾಕ್ಟರು ಮೊದಲು ಕೇಳುವುದು ಅದನ್ನೇ.

ಇತಿ,
ನಿನ್ನ ತಂಗಿ