ಗುರಿ ಅಭ್ಯಾಸಕ್ಕೆ ಹಗುರ ಪಿಸ್ತೂಲು ಬೇಡ

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ, ಅದಕ್ಕೂ ಮೊದಲು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ರಾಜ್ಯದ ದಿವ್ಯಾ ಟಿ.ಎಸ್. ಬೆಳ್ಳಿ ತಂದ ಮೇಲೆ, ಪಿಸ್ತೂಲು ಶೂಟಿಂಗ್ ಬಗ್ಗೆ ಮಲೆನಾಡಿನಲ್ಲಿಯೂ ಆಸಕ್ತಿ ಚಿಗುರಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ತಲೆಮಾರುಗಳಿಂದ ಇರುವುದರಿಂದ ಬಂದೂಕು ನಮ್ಮವರಿಗೆ ಹೊಸದಲ್ಲ. ಆದರೆ ಕಾಗದದ ಗುರಿಗೆ ಈಡು ಹೊಡೆಯುವ ಹವ್ಯಾಸಕ್ಕಾಗಿ ಪಿಸ್ತೂಲು ಕೊಳ್ಳಬೇಕೆನ್ನುವವರು ಕೇಳುವ ಮೊದಲ ಪ್ರಶ್ನೆಯೇ ನನಗೆ ಆತಂಕ ಹುಟ್ಟಿಸುತ್ತದೆ. "ಯಾವುದು ಹಗುರ, ಯಾವುದು ಸಣ್ಣದು?" ಎಂದು ಅವರು ಕೇಳುತ್ತಾರೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆಯುಧಕ್ಕೆ ಈ ಪ್ರಶ್ನೆ ಸರಿಯಿರಬಹುದು. ಗುರಿ ಅಭ್ಯಾಸಕ್ಕೆ ಮಾತ್ರ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದದ್ದು: ಪೂರ್ಣ ಗಾತ್ರದ, ಲೋಹದ ಫ್ರೇಮಿನ (ಹಿಡಿ, ಟ್ರಿಗರ್ ಇರುವ ಒಡಲಿನ), ಕೈಗೆ ಭಾರ ಎನಿಸುವ ಪಿಸ್ತೂಲು. ಹವ್ಯಾಸಿ ಶೂಟರ್ ಆಗಿ ನಾನು ಕಂಡುಕೊಂಡ ಕಾರಣಗಳನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಆಯ್ಕೆಯಲ್ಲಿ ಎಡವಿದರೆ ನಮ್ಮ ಕಡೆಯವರಿಗೆ ನಷ್ಟ ಹೆಚ್ಚು ಎಂಬುದನ್ನು ಮೊದಲು ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ, ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಮತ್ತು ಪಿತ್ರಾರ್ಜಿತವಾಗಿ ಬಂದ ಬಂದೂಕು ಕೂಡ ಈ ಎರಡರ ಲೆಕ್ಕದಲ್ಲಿಯೇ ಸೇರುತ್ತದೆ. ತಂದೆಯ ಕಾಲದ ಒಂಟಿ ನಳಿಗೆಯೋ ಜೋಡು ನಳಿಗೆಯೋ ತನ್ನ ಹೆಸರಿನಲ್ಲಿರುವ ಬೆಳೆಗಾರನಿಗೆ ಉಳಿಯುವುದು ಒಂದೇ ಒಂದು ಸ್ಥಾನ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ ಈ ಮಿತಿಯಿಂದ ವಿನಾಯಿತಿ ಇದೆಯೆಂದು ಕೆಲವರು ಸಮಾಧಾನ ಹೇಳುತ್ತಾರೆ. ಕಾಯ್ದೆಯ ಆ ಸಾಲಿನಲ್ಲಿರುವುದು .22 ರೈಫಲ್ ಮತ್ತು ಏರ್ ರೈಫಲ್ ಮಾತ್ರ, ಪಿಸ್ತೂಲಿನ ಪ್ರಸ್ತಾಪವೇ ಅಲ್ಲಿಲ್ಲ. ಹೆಸರಾಂತ ಕ್ರೀಡಾಪಟುಗಳಿಗೆ ಬೇರೆ ನಿಯಮಗಳಿವೆ, ಅವು ನಮ್ಮಂಥ ಹವ್ಯಾಸಿಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಉಳಿದ ಆ ಒಂದು ಸ್ಥಾನವನ್ನು ಜೇಬಿನಲ್ಲಿ ಹಿಡಿಸುವ ಪಿಸ್ತೂಲಿಗೆ ಕೊಟ್ಟುಬಿಟ್ಟರೆ, ಗುರಿ ಅಭ್ಯಾಸಕ್ಕೆ ಒಪ್ಪುವ ಇನ್ನೊಂದನ್ನು ಮುಂದೆ ತರಲು ದಾರಿಯಿರುವುದಿಲ್ಲ.

ಇನ್ನು ತೂಕದ ವಿಚಾರ. ಒಂದೇ ತೋಟಾವನ್ನು 500 ಗ್ರಾಂ ತೂಕದ ಪಿಸ್ತೂಲಿನಲ್ಲಿ ಮತ್ತು 1000 ಗ್ರಾಂ ತೂಕದ ಪಿಸ್ತೂಲಿನಲ್ಲಿ ಹಾರಿಸಿದರೆ, ಭಾರದ ಪಿಸ್ತೂಲು ಹಿಂದಕ್ಕೆ ಸರಿಯುವ ವೇಗ ಅರ್ಧಕ್ಕೆ ಇಳಿಯುತ್ತದೆ, ಕೈಗೆ ಬಂದು ತಾಕುವ ಒದೆತದ ಶಕ್ತಿಯೂ ಅರ್ಧವಾಗುತ್ತದೆ. ಒದೆತ ಕಡಿಮೆಯಾದಷ್ಟೂ ನಳಿಗೆಯ ಮೂತಿ ಮೇಲಕ್ಕೆ ಚಿಮ್ಮುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಸದ್ದು ಮತ್ತು ಒದೆತದ ನಿರೀಕ್ಷೆಯಲ್ಲಿಯೇ ಕೈ ಬಿಗಿಯುವ ಚಾಳಿ ಹೊಸಬರಲ್ಲಿ ಬೇರೂರುವುದಿಲ್ಲ. ಗುಂಡು ಹಾರುವ ಕ್ಷಣಕ್ಕೆ ಮೊದಲೇ ಮಣಿಕಟ್ಟು ಕೆಳಕ್ಕೆ ಬಾಗಿ ಈಡು ಗುರಿಯ ಬುಡಕ್ಕೆ ಬೀಳುವ ಈ ದೋಷ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಬಲು ಕಷ್ಟ. ಹಗುರವಾದ ಪಿಸ್ತೂಲು ಈ ದೋಷವನ್ನು ಕಲಿಸುವಷ್ಟು ಬೇಗ ಬೇರೇನನ್ನೂ ಕಲಿಸುವುದಿಲ್ಲ.

ಜಗತ್ತಿನ ಪ್ರಸಿದ್ಧ ಪಿಸ್ತೂಲುಗಳನ್ನು ನೋಡಿದರೂ ಇದು ಮನದಟ್ಟಾಗುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಉಕ್ಕಿನ ಫ್ರೇಮಿನ ಪಿಸ್ತೂಲು ಸುಮಾರು 1.1 ಕಿಲೋ ತೂಗುತ್ತದೆ. ನೂರು ವರ್ಷ ದಾಟಿದರೂ ಗುರಿ ಸ್ಪರ್ಧೆಗಳಲ್ಲಿ ಅದರ ಬಳಕೆ ನಿಂತಿಲ್ಲ. ಜೆಕೊಸ್ಲೊವಾಕಿಯಾದ ಕೌಟ್ಸ್ಕಿ ಸಹೋದರರ ಸಿಝಡ್ 75 ಕೂಡ ಉಕ್ಕಿನದೇ, ತೂಕ ಒಂದು ಕಿಲೋದ ಆಸುಪಾಸು. ಅದರ ಸ್ಲೈಡ್ (ಈಡು ಹಾರಿದಾಗ ಹಿಂದಕ್ಕೆ ಸರಿದು ಬರುವ ಮೇಲ್ಭಾಗ) ಫ್ರೇಮಿನ ಒಳಗಡೆಯ ಹಳಿಗಳಲ್ಲಿ ಓಡುವುದರಿಂದ ನಳಿಗೆ ಕೈಗೆ ಹತ್ತಿರವಾಗಿ, ತಗ್ಗಿನಲ್ಲಿ ಕೂರುತ್ತದೆ, ಮೂತಿ ಚಿಮ್ಮುವುದೂ ತಗ್ಗುತ್ತದೆ. ಇಟಲಿಯ ಬೆರೆಟ್ಟಾ 92ರ ಫ್ರೇಮು ಅಲ್ಯುಮಿನಿಯಂ ಮಿಶ್ರಲೋಹದ್ದು, ಪೂರ್ಣ ಗಾತ್ರದ್ದಾದ್ದರಿಂದ ಅದೂ 950 ಗ್ರಾಂ ಸಮೀಪಿಸುತ್ತದೆ. ಇವುಗಳ ಎದುರು, 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಪ್ಲಾಸ್ಟಿಕ್ ಫ್ರೇಮಿನ ಗ್ಲಾಕ್ 17 ಸುಮಾರು 700 ಗ್ರಾಂ ಮಾತ್ರ. ದಿನವಿಡೀ ಸೊಂಟದಲ್ಲಿ ಹೊರುವ ಪೊಲೀಸರಿಗೂ ಸೈನಿಕರಿಗೂ ಆ ಹಗುರತನ ವರವೇ ಸರಿ. ಶೂಟಿಂಗ್ ರೇಂಜಿನಲ್ಲಿ ಕಟ್ಟೆಯ ಮೇಲೆ ಪಿಸ್ತೂಲಿಟ್ಟುಕೊಂಡು ನಿಧಾನವಾಗಿ ಒಂದೊಂದೇ ಈಡು ಹೊಡೆಯುವವನಿಗೆ ಅದರಿಂದ ಲಾಭವೇನೂ ಇಲ್ಲ. ಅಂತರರಾಷ್ಟ್ರೀಯ ನಿಯಮಗಳು ಕೂಡ 25 ಮೀಟರ್ ಸ್ಪರ್ಧೆಯ ಪಿಸ್ತೂಲಿಗೆ 1400 ಗ್ರಾಂ ತನಕ ಅವಕಾಶ ಕೊಟ್ಟಿರುವುದನ್ನು ಗಮನಿಸಬೇಕು.

ಗಾತ್ರ ಏಕೆ ಮುಖ್ಯ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಗುರಿ ಹಿಡಿಯಲು ನೋಡುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ 100 ಮಿ.ಮೀ. ಇರುವ ಸಣ್ಣ ಪಿಸ್ತೂಲಿನಲ್ಲಿ, ಎರಡರ ಹೊಂದಿಕೆ ಒಂದು ಮಿ.ಮೀ. ತಪ್ಪಿದರೆ 25 ಮೀಟರ್ ದೂರದ ಗುರಿಯಲ್ಲಿ ಈಡು 250 ಮಿ.ಮೀ. ಆಚೆ ಬೀಳುತ್ತದೆ. ಅದೇ ದೂರ 200 ಮಿ.ಮೀ. ಇದ್ದರೆ ತಪ್ಪು 125 ಮಿ.ಮೀ.ಗೆ ಇಳಿಯುತ್ತದೆ. 25 ಮೀಟರ್ ನಿಖರತೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 50 ಮಿ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಡಿಕೆ ಕೊಯ್ಯುವ ದೋಟಿಯ ಬುಡ ಬೆರಳಿನಷ್ಟು ಅಲುಗಿದರೆ ತುದಿ ಗೊನೆಯಿಂದ ಮೊಳದಷ್ಟು ಸರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾರವಿದ್ದರೆ ಸಾಲದು, ಕೈಗೂ ಕೂರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಬೆನ್ನಿಗೆ ಆದಷ್ಟು ಮೇಲೆ, ಎಡೆಯಿಲ್ಲದಂತೆ ಒತ್ತಿ ಕೂತಾಗ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ತಾನಾಗಿ ಟ್ರಿಗರಿನ ಮೇಲೆ ಬರಬೇಕು. ಬೆರಳ ತುದಿ ಮಾತ್ರ ತಾಗಿದರೆ ಎಳೆಯುವಾಗ ಮೂತಿ ಒಂದು ಪಕ್ಕಕ್ಕೆ ತಳ್ಳಲ್ಪಡುತ್ತದೆ, ಬೆರಳು ಹೆಚ್ಚು ಒಳಗೆ ಹೋದರೆ ಇನ್ನೊಂದು ಪಕ್ಕಕ್ಕೆ ಎಳೆಯಲ್ಪಡುತ್ತದೆ. ನನ್ನ ಪರಿಚಯದ ತರುಣಿಯೊಬ್ಬಳ ಕೈ ಚಿಕ್ಕದು. ದಪ್ಪ ಹಿಡಿಯ ಪಿಸ್ತೂಲಿನಲ್ಲಿ ಅವಳ ಬೆರಳು ಟ್ರಿಗರನ್ನು ಮುಟ್ಟಬೇಕಾದರೆ ಇಡೀ ಅಂಗೈಯನ್ನು ಪಕ್ಕಕ್ಕೆ ತಿರುಗಿಸಬೇಕಾಗುತ್ತಿತ್ತು, ಒದೆತವೆಲ್ಲ ಹೆಬ್ಬೆರಳಿನ ಬುಡದ ಮೂಳೆಗೆ ಬಡಿಯುತ್ತಿತ್ತು. ಲೋಹದ ಫ್ರೇಮಿನ ಹೆಚ್ಚುಗಾರಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಹಿಡಿಯ ಎರಡು ಪಕ್ಕದ ಹಲಗೆಗಳು ಸಾಮಾನ್ಯವಾಗಿ ಸ್ಕ್ರೂನಿಂದ ಕೂರಿಸಿದ ಬಿಡಿ ಭಾಗಗಳಾಗಿದ್ದು, ದಪ್ಪನೆಯದನ್ನು ತೆಗೆದು ತೆಳುವಾದದ್ದನ್ನು ಹಾಕಿದಾಗ ಅವಳ ಬೆರಳು ನೇರವಾಗಿ ಟ್ರಿಗರಿಗೆ ಬಂತು. ಪ್ಲಾಸ್ಟಿಕ್ ಫ್ರೇಮಿನಲ್ಲಿ ಹಿಡಿಯೇ ಫ್ರೇಮಾಗಿರುವುದರಿಂದ ಇಷ್ಟು ಸ್ವಾತಂತ್ರ್ಯ ಇರುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಕೈಚಳಕ ಬಲ್ಲ ನಮಗೆ ಮರದ ಹಿಡಿಯನ್ನು ಅಂಗೈಗೆ ಒಪ್ಪುವಂತೆ ಕೆತ್ತಿಸುವುದು ದೊಡ್ಡ ಮಾತಲ್ಲ. ಆದರೆ ಮರಕ್ಕೆ ಮಾತ್ರ ಕೈ ಹಾಕಬೇಕು. ಲೋಹದ ಯಾವ ಭಾಗಕ್ಕೂ ಅರ ತಾಗಿಸಬಾರದು, ಅದು ಅಪಾಯವೂ ಹೌದು, ಕಾನೂನಿನ ಉಲ್ಲಂಘನೆಯೂ ಹೌದು.

ಲೋಹ ಎಂದೊಡನೆ ಮಲೆನಾಡಿನವರು ಕೇಳುವ ಇನ್ನೊಂದು ಪ್ರಶ್ನೆ ತುಕ್ಕಿನದು, ಅದು ಸಕಾರಣವಾದ ಪ್ರಶ್ನೆ. ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುವ ಆಗುಂಬೆಯ ಸೆರಗಿನಲ್ಲಿ ಬದುಕುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕತ್ತಿ, ಕುಡುಗೋಲು, ಬಾಗಿಲ ಕೀಲುಗಳಿಗೂ ತುಕ್ಕು ತಪ್ಪಿದ್ದಲ್ಲ. ನೀಲಿಗಪ್ಪು ಲೇಪದ ಉಕ್ಕು ನೋಡಲು ಸುಂದರ, ಆದರೆ ಬೆವರಿನ ಬೆರಳಚ್ಚು ಉಳಿದ ಜಾಗದಲ್ಲಿಯೇ ಒಂದೆರಡು ದಿನಗಳಲ್ಲಿ ಕಂದು ಚುಕ್ಕೆ ಏಳುತ್ತದೆ. ತುಕ್ಕು ಮೊದಲು ಕಾಣಿಸಿಕೊಳ್ಳುವುದು ಹಿಂದಿನ ಸೈಟಿನ ಬುಡದಲ್ಲಿ, ಸ್ಲೈಡಿನ ಗೀರುಗಳ ಸಂದಿನಲ್ಲಿ ಮತ್ತು ಮರದ ಹಿಡಿಯ ಅಡಿಯಲ್ಲಿ. ಈ ಕೊನೆಯದನ್ನು ಹೆಚ್ಚಿನವರು ಬಿಚ್ಚಿ ನೋಡುವುದೇ ಇಲ್ಲ. ತುಕ್ಕು ಹಿಡಿಯದ ಉಕ್ಕಿನದು ಸಿಕ್ಕಿದರೆ ನಮ್ಮ ಹವಾಮಾನಕ್ಕೆ ಅದೇ ಮೇಲು. ಅಲ್ಯುಮಿನಿಯಂ ಫ್ರೇಮಿಗೆ ಕೆಂಪು ತುಕ್ಕಿನ ಕಾಟವಿಲ್ಲ, ಆದರೆ ಸ್ಲೈಡ್ ಓಡುವ ಹಳಿಗಳ ಮೇಲಿನ ಲೇಪ ಸವೆದರೆ ಒಳಗಿನ ಮೆದು ಲೋಹ ಬೇಗ ತೇಯುತ್ತದೆ, ಹಾಗಾಗಿ ಅಲ್ಲಿ ಎಣ್ಣೆ ಒಣಗಲು ಬಿಡಬಾರದು. ಪಿಸ್ತೂಲನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸುವ ಅಭ್ಯಾಸ ನಮ್ಮ ಕಡೆ ಸಾಮಾನ್ಯ. ಚರ್ಮ ತೇವವನ್ನು ಹೀರಿ ಲೋಹಕ್ಕೆ ಅಂಟಿಸಿಡುತ್ತದೆ. ಬೀಗವಿರುವ ಲೋಹದ ಪೆಟ್ಟಿಗೆ, ಅದರೊಳಗೆ ಆಗಾಗ ಬಿಸಿ ಮಾಡಿ ಒಣಗಿಸಿದ ಸಿಲಿಕಾ ಜೆಲ್, ಎಣ್ಣೆ ಸವರಿದ ಹತ್ತಿ ಬಟ್ಟೆ, ಇಷ್ಟಿದ್ದರೆ ಮಳೆಗಾಲ ದಾಟಬಹುದು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವ ಮುನ್ನ ನಳಿಗೆಯ ಒಳಗೂ ಹೊರಗೂ ಎಣ್ಣೆಯ ಲೇಪ ಧಾರಾಳವಾಗಿರಲಿ, ಏಕೆಂದರೆ ವಾರಗಟ್ಟಲೆ ಅದನ್ನು ಒರೆಸುವವರು ಯಾರೂ ಇರುವುದಿಲ್ಲ.

ಕೊಳ್ಳಲು ಹೊರಟವರಿಗೆ ನಿಜವಾಗಿ ದಕ್ಕುವುದು ಏನು ಎಂಬುದನ್ನೂ ಹೇಳಬೇಕು. ಸಿಝಡ್ 75, ಬೆರೆಟ್ಟಾ 92 ಮೂಲತಃ 9 ಎಂಎಂ ಪಿಸ್ತೂಲುಗಳು, ಆ ಬೋರು (ನಳಿಗೆಯ ಒಳ ಅಳತೆ) ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ವಿದೇಶಿ ಬಂದೂಕುಗಳ ಆಮದು 1980ರ ದಶಕದಿಂದಲೂ ಕ್ರೀಡಾಪಟುಗಳನ್ನು ಬಿಟ್ಟು ಉಳಿದವರಿಗೆ ಮುಚ್ಚಿದೆ. ನಮ್ಮ ಪಾಲಿಗೆ ಹೆಚ್ಚಾಗಿ ದಕ್ಕುವುದು .22 ಮತ್ತು .32 ಬೋರುಗಳು. ಗುರಿ ಅಭ್ಯಾಸವೇ ಉದ್ದೇಶವಾದರೆ ನನ್ನ ಸ್ಪಷ್ಟ ಒಲವು .22ರ ಕಡೆಗೆ. ಅದರ ಗುಂಡು ಸುಮಾರು 2.6 ಗ್ರಾಂ ತೂಗಿದರೆ .32 ಪಿಸ್ತೂಲಿನ (ಎಸಿಪಿ ಎಂಬ ತೋಟಾದ) ಗುಂಡು ಸುಮಾರು 4.6 ಗ್ರಾಂ. ಒದೆತ ಅಲ್ಪ, ತೋಟಾ ಅಗ್ಗ, ಒಲಿಂಪಿಕ್ಸ್‌ನ 25 ಮೀಟರ್ ಸ್ಪರ್ಧೆಗಳ ಬೋರು ಕೂಡ ಇದೇ. ಹಳೆಯ ಪರವಾನಗಿದಾರರ ಬಳಿಯಿಂದ ಕಾನೂನುಬದ್ಧವಾಗಿ ವರ್ಗಾವಣೆಗೊಳ್ಳುವ ಉಕ್ಕಿನ .22 ಗುರಿ ಪಿಸ್ತೂಲು ಸಿಕ್ಕಿದರೆ ಅದಕ್ಕಾಗಿ ಕಾಯುವುದು ಸಾರ್ಥಕ. ಒಂದು ಎಚ್ಚರಿಕೆ: .22 ತೋಟಾದ ಸಿಡಿಮದ್ದು ಅಂಚಿನಲ್ಲಿರುವುದರಿಂದ ಪಿನ್ನು ಅಂಚಿಗೇ ಬಡಿಯುತ್ತದೆ, ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ಅಭ್ಯಾಸ ಮಾಡಿದರೆ ಆ ಪಿನ್ನು ನಳಿಗೆಯ ಹಿಂಬದಿಯ, ತೋಟಾ ಕೂರುವ ಬಾಯಿಯ ಲೋಹವನ್ನೇ ಜಜ್ಜಬಹುದು. ಅಂಥ ಅಭ್ಯಾಸಕ್ಕೆ ಡಮ್ಮಿ ತೋಟಾ ಬಳಸಬೇಕು.

.32ರಲ್ಲಿ ಈಶಾಪುರದ ರೈಫಲ್ ಕಾರ್ಖಾನೆಯ ಅಶನಿ ಪಿಸ್ತೂಲು ನಮ್ಮವರಿಗೆ ಪರಿಚಿತ. ಅದು ಮಧ್ಯಮ ಗಾತ್ರದ್ದು. ನಳಿಗೆಗೂ ಸ್ಲೈಡಿಗೂ ಕೊಂಡಿಯಿಲ್ಲದೆ ಸ್ಪ್ರಿಂಗಿನ ಬಲ ಮತ್ತು ಸ್ಲೈಡಿನ ತೂಕದ ಮೇಲೆಯೇ ನಡೆಯುವ ಯಂತ್ರವಾದ್ದರಿಂದ, ಅದರ ಒದೆತ ಬೋರಿನ ಮಟ್ಟಿಗೆ ತುಸು ಚುರುಕು. ಇದನ್ನೇ ಕೊಳ್ಳುವವರು ತೋಟಾದ ವಿಷಯದಲ್ಲಿ ಜಾಗರೂಕರಾಗಿರಬೇಕು. .32 ಎಂಬ ಒಂದೇ ಹೆಸರಿನಡಿ ಪಿಸ್ತೂಲಿನ ಎಸಿಪಿ ತೋಟಾ ಮತ್ತು ರಿವಾಲ್ವರಿನ ಲಾಂಗ್ ತೋಟಾ ಎಂಬ ಎರಡು ಬಗೆಗಳಿವೆ, ಒಂದರ ಬದಲಿಗೆ ಇನ್ನೊಂದನ್ನು ತುಂಬುವಂತಿಲ್ಲ. ಟ್ರಿಗರಿನ ಬಗ್ಗೆ ಹೇಳುವುದಾದರೆ, 25 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಎಳೆತದ ಭಾರಕ್ಕೆ ಇರುವ ಕನಿಷ್ಠ ಮಿತಿಯಾದ 1000 ಗ್ರಾಂಗೆ ಹತ್ತಿರದ, ಒಂದೇ ಹದದಲ್ಲಿ ಬಿಡುವ ಟ್ರಿಗರು ಹೊಸಬರಿಗೆ ಒಳ್ಳೆಯದು.

ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕುವ ಮೊದಲು ಏರ್ ಪಿಸ್ತೂಲಿನಲ್ಲಿ ಪಳಗುವುದು ಲೇಸು. 4.5 ಮಿ.ಮೀ. ಬೋರಿನ, 20 ಜೂಲ್ ಶಕ್ತಿಯನ್ನು ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಜಾಗವಿರುವ ಅಡಿಕೆ ಗೋದಾಮಿನಲ್ಲಿಯೂ, ಗುರಿಯ ಹಿಂದೆ ಭದ್ರವಾದ ತಡೆಯಿಟ್ಟು, ಜನ ಸುಳಿಯದಂತೆ ಬಾಗಿಲು ಹಾಕಿ ಅಭ್ಯಾಸ ಮಾಡಬಹುದು. ಸಿಡಿಮದ್ದಿನ ತೋಟಾದ ಪಿಸ್ತೂಲನ್ನು ಮಾತ್ರ ರೇಂಜ್ ಬಿಟ್ಟು ಬೇರೆಲ್ಲಿಯೂ ಹಾರಿಸಕೂಡದು. ತೋಟದ ಮೂಲೆಯಲ್ಲಿ, ಹಳ್ಳದ ದಂಡೆಯಲ್ಲಿ ಪರೀಕ್ಷಿಸಿ ನೋಡೋಣ ಎನ್ನುವವರು, ನಮ್ಮ ತೋಟಗಳ ಬೇಲಿಗೆ ಕಾಡು ಅಂಟಿಕೊಂಡೇ ಇದೆ ಎಂಬುದನ್ನೂ, .22ರ ಪುಟ್ಟ ಗುಂಡು ಕೂಡ ಒಂದು ಕಿಲೋಮೀಟರ್‌ಗಿಂತ ದೂರ ಹಾರಬಲ್ಲದು ಎಂಬುದನ್ನೂ ಮರೆಯಬಾರದು. ಮದುವೆ, ಹಬ್ಬಗಳಲ್ಲಿ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು.

ಕೊಳ್ಳುವ ಮೊದಲು ಬೇರೆ ಬೇರೆ ಗಾತ್ರದ ಪಿಸ್ತೂಲುಗಳನ್ನು ಕೈಯಲ್ಲಿ ಹಿಡಿದು, ಈಡು ಹೊಡೆದು ನೋಡುವ ಅವಕಾಶ ಇಲ್ಲದಿರುವುದೇ ನಮ್ಮ ಕಡೆಯವರ ದೊಡ್ಡ ತೊಡಕು. ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಆರಿಸುವವನಿಗೆ ಸಣ್ಣದೇ ಚೆಂದ ಕಾಣುವುದು ಸಹಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿ ಹೇಗೂ ಅಗತ್ಯ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ರೈಫಲ್ ಜೊತೆಗೆ ಪೂರ್ಣ ಗಾತ್ರದ ಒಂದು ಪಿಸ್ತೂಲನ್ನೂ ಸಣ್ಣದೊಂದನ್ನೂ ಶಿಬಿರಾರ್ಥಿಗಳ ಕೈಗೆ ಕೊಟ್ಟು, ಬೋಧಕರ ಮೇಲ್ವಿಚಾರಣೆಯಲ್ಲಿ ಎರಡರಿಂದಲೂ ಐದೈದು ಈಡು ಹೊಡೆಸಿ, ಎರಡು ಗುರಿ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ವ್ಯವಸ್ಥೆಯನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟ ಅಧಿಕಾರಿಗಳನ್ನು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ ಹಾಗೂ ಹವ್ಯಾಸಿ ಶೂಟರ್,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ