ಸ್ವಾಗತ ಎಲ್ಲಿಯವರೆಗೆ ಎಂಬುದನ್ನು ಸಭೆ ಬರೆದು ತಿಳಿಸಲಿ

ಸಂಪಾದಕರಿಗೆ,

ಮಾನ್ಯರೇ,

ಲೈಂಗಿಕ ಅಲ್ಪಸಂಖ್ಯಾತರನ್ನು ಕ್ರೈಸ್ತ ಸಭೆಗಳು ಬರಮಾಡಿಕೊಳ್ಳಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ದನಿಗಳು ಕೇಳಿಬರುತ್ತವೆ. ಸತ್ಯವೇದ (ಬೈಬಲ್) ಇದನ್ನು ಒಪ್ಪುವುದಿಲ್ಲ ಎನ್ನುವುದು ಒಂದು, ದೇವರ ಪ್ರೀತಿಗೆ ಹೊರಗಿನವರು ಯಾರೂ ಇಲ್ಲ ಎನ್ನುವುದು ಇನ್ನೊಂದು. ಇವೆರಡರ ನಡುವೆ ನಿಂತಿರುವ ಅನೇಕ ಸಭೆಗಳ ಸಂಗತಿ ಚರ್ಚೆಗೆ ಬರುವುದೇ ಇಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಈ ಸಭೆಗಳು ಬಾಗಿಲಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದಿರುತ್ತವೆ. ಒಳಗೆ ಬಂದವರು ಮುಂದಿನದನ್ನು ಕೇಳಿದಾಗ ‘ನೋಡೋಣ’ ಎನ್ನುತ್ತವೆ.

ನಾನು ಸಭಾ ಹಿರಿಯರಲ್ಲಿ ಒಬ್ಬ. ಈ ವಿಷಯವನ್ನು ಅಧ್ಯಯನ ಮಾಡಲು ನಮ್ಮ ಸಭೆ ನೇಮಿಸಿದ ಗುಂಪಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದೇನೆ. ಒಂದು ಸಂಜೆ ತಾಯಿಯೊಬ್ಬರು ಬಂದು ಮಾತನಾಡಿದರು. ಅವರ ಮಗ ಸಲಿಂಗಾಸಕ್ತ. ಅವನಿಗೆ ದೀಕ್ಷಾಸ್ನಾನವಾದದ್ದು, ಅವನು ಗಾಯನವೃಂದದಲ್ಲಿ ಹಾಡಿ ಬೆಳೆದದ್ದು ಎಲ್ಲವೂ ಒಂದೇ ಸಭೆಯಲ್ಲಿ. ತಾನು ಎಂಥವನೆಂಬುದನ್ನು ಅವನು ಸಭಾಪಾಲಕರಿಗೆ ತಿಳಿಸಿದ ಮೇಲೂ ಯಾರೂ ಅವನನ್ನು ಹೊರಗೆ ಹೋಗು ಎನ್ನಲಿಲ್ಲ. ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಬಹುದೇ ಎಂದು ಕೇಳಿದಾಗ ಮಾತ್ರ ‘ನೋಡೋಣ’ ಎಂಬ ಉತ್ತರ ಬಂತು. ನಾಲ್ಕು ವರ್ಷ ಅದೇ ಉತ್ತರ ಬರುತ್ತಿತ್ತು. ‘ಬೇಡ ಅಂದಿದ್ದರೆ ಒಂದು ಸಲ ಅತ್ತು ಬೇರೆ ಕಡೆ ಹೋಗುತ್ತಿದ್ದ, ನೀವು ನಾಲ್ಕು ವರ್ಷ ಅಳಿಸಿದಿರಿ’ ಎಂದು ಆ ತಾಯಿ ಹೇಳಿದರು. ಆ ಸಭೆ ನಮ್ಮದೇ. ಅವನ ಕೋರಿಕೆಯನ್ನು ಮುಂದಿನ ಬೈಠಕ್ಕಿಗೆ ತಳ್ಳಿದವರಲ್ಲಿ ನಾನೂ ಒಬ್ಬನಾಗಿದ್ದೆ, ಹಾಗೆ ತಳ್ಳುವುದೇ ಕರುಣೆ ಎಂದು ನಂಬಿದ್ದೆ.

ಆ ಸಂಜೆಯ ನಂತರ ನಾನು ಸತ್ಯವೇದದ ಎರಡು ಭಾಗಗಳನ್ನು ಬೇರೆ ಕಣ್ಣಿನಿಂದ ಓದಿದೆ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ತೆಗೆಸಿಕೊಂಡ ಅರಮನೆಯ ಅಧಿಕಾರಿ, ತನಗೆ ದೀಕ್ಷಾಸ್ನಾನವಾಗಲು ಏನು ಅಡ್ಡಿ ಎಂದು ಕೇಳುತ್ತಾನೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಪ್ರಕಾರ ಅವನಂಥವರಿಗೆ ಕರ್ತನ ಸಭೆಯಲ್ಲಿ ಸ್ಥಾನವಿರಲಿಲ್ಲ. ಯೆಶಾಯನ 56ನೇ ಅಧ್ಯಾಯದಲ್ಲಿ ಅಂಥವರಿಗೇ ಗಂಡುಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರಿನ ವಾಗ್ದಾನವಿದೆ. ಈ ಎರಡೂ ವಚನಗಳ ನಡುವೆ ನಿಂತಿದ್ದ, ಅವನಿಗೆ ಸುವಾರ್ತೆ ಸಾರಿದ ಫಿಲಿಪ್ಪನು ತಡಮಾಡದೆ ಅವನೊಡನೆ ನೀರಿಗೆ ಇಳಿದ. ಇನ್ನೊಂದು, ಅದೇ ಪುಸ್ತಕದ 15ನೇ ಅಧ್ಯಾಯ. ಕ್ರಿಸ್ತನನ್ನು ನಂಬಿದ ಅನ್ಯಜನರಿಗೆ (ಯೆಹೂದ್ಯರಲ್ಲದವರಿಗೆ) ಸುನ್ನತಿ ಬೇಕೇ ಎಂದು ಯೆರೂಸಲೇಮಿನಲ್ಲಿ ಬಹಳ ವಾದ ನಡೆದ ಬಳಿಕ ಹಿರಿಯರು ತೀರ್ಮಾನವನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಪತ್ರ ಬರೆದು ಕಳುಹಿಸಿದರು. ಆ ಪತ್ರ ತಲುಪಿದ ಅಂತಿಯೋಕ್ಯದ ಸಭೆಯವರು ಅದನ್ನು ಓದಿ ಸಂತೋಷಪಟ್ಟರು. ಅದೇ ಪತ್ರದಲ್ಲಿ ಜಾರತ್ವವನ್ನು ಬಿಡಬೇಕೆಂಬ ಮಾತೂ ಇದೆಯಲ್ಲ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ನೆನಪಿಸಿದರು. ಅವರ ಮಾತು ಸರಿ. ಆ ಪದದ ವ್ಯಾಪ್ತಿ ಎಷ್ಟು, ಪರಸ್ಪರ ನಿಷ್ಠೆಯಿಂದ ಬಾಳುವ ಇಬ್ಬರು ಗಂಡಸರಿಗೆ ಅಥವಾ ಇಬ್ಬರು ಹೆಂಗಸರಿಗೆ ಅದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಅವರಿಗೂ ನನಗೂ ಇಂದಿಗೂ ಒಮ್ಮತವಿಲ್ಲ. ದೇವರ ರಾಜ್ಯಕ್ಕೆ ಬಾಧ್ಯರಾಗದವರನ್ನು ಹೆಸರಿಸುವ 1 ಕೊರಿಂಥ 6:9ರ ಎರಡು ಗ್ರೀಕ್ ಪದಗಳಿಗೆ ‘ಹೋಮೋಸೆಕ್ಷುವಲ್’ ಎಂಬ ಒಂದೇ ಪದವನ್ನು ಇಂಗ್ಲಿಷಿನ ರಿವೈಸ್ಡ್ ಸ್ಟ್ಯಾಂಡರ್ಡ್ ಭಾಷಾಂತರ 1946ರಲ್ಲಿ ಬಳಸಿತು, 1971ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟಿತು. ಭಾಷಾಂತರಕಾರರೇ ತಮ್ಮ ಪದವನ್ನು ಮರುಪರಿಶೀಲಿಸಿರುವಾಗ ನಾವೂ ನಮ್ಮ ನಿಶ್ಚಯವನ್ನು ಸ್ವಲ್ಪ ಸಡಿಲಿಸಬಹುದು ಎಂಬುದು ನನ್ನ ಅಭಿಪ್ರಾಯ.

ಬೇರೆಡೆಯ ಸಭೆಗಳು ಈ ದಾರಿಯಲ್ಲಿ ನಡೆದು ದಶಕಗಳೇ ಕಳೆದಿವೆ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1972ರಲ್ಲಿ ತಾನು ಸಲಿಂಗಾಸಕ್ತನೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ವಿಲಿಯಂ ಜಾನ್ಸನ್ ಅವರಿಗೆ ಸಭಾಪಾಲಕ ದೀಕ್ಷೆ ನೀಡಿತು. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ 1985ರ ಮಹಾಸಭೆಯ ನಿರ್ಣಯ. ಮಹಾಸಭೆ ತನ್ನ ತೀರ್ಮಾನವನ್ನು ಯಾರ ಮೇಲೂ ಹೇರದೆ, ಲೈಂಗಿಕ ಅಲ್ಪಸಂಖ್ಯಾತರನ್ನು ತಾವು ಸ್ವೀಕರಿಸಿ ಗೌರವಿಸುತ್ತೇವೆಂದು ಸ್ಥಳೀಯ ಸಭೆಗಳೇ ಬಹಿರಂಗವಾಗಿ ಘೋಷಿಸಬೇಕೆಂದು ಪ್ರೋತ್ಸಾಹಿಸಿತು. ಮೊದಲು ಅಧ್ಯಯನ ಮತ್ತು ಪ್ರಾರ್ಥನೆ, ಆಮೇಲೆ ಸದಸ್ಯರ ಮತ, ಕೊನೆಗೆ ಲಿಖಿತ ಹೇಳಿಕೆ ಎಂಬ ಕ್ರಮವನ್ನೇ ನಾವೂ ಹಿಡಿದಿದ್ದೇವೆ.

ಇದಕ್ಕೆ ತೆರಬೇಕಾದ ಬೆಲೆಯನ್ನು ಮರೆಮಾಚುವುದು ಸರಿಯಲ್ಲ. ಯುನೈಟೆಡ್ ಮೆಥಡಿಸ್ಟ್ ಚರ್ಚ್ ಸಲಿಂಗಾಸಕ್ತಿಯ ಆಚರಣೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲವೆಂದು 1972ರಲ್ಲಿ ತನ್ನ ನಿಯಮಗಳಲ್ಲಿ ಬರೆದುಕೊಂಡು, 52 ವರ್ಷಗಳ ಬಳಿಕ 2024ರಲ್ಲಿ ಆ ಮಾತನ್ನು ತೆಗೆದುಹಾಕಿತು. ಅಷ್ಟರೊಳಗೆ, 2019ರಿಂದ 2023ರವರೆಗಿನ ಅವಧಿಯಲ್ಲಿ, ಅಮೆರಿಕದಲ್ಲಿದ್ದ ಅದರ ಸಭೆಗಳಲ್ಲಿ ಸುಮಾರು ಕಾಲುಭಾಗ, ಅಂದರೆ 7,600ಕ್ಕೂ ಹೆಚ್ಚು ಸಭೆಗಳು ಹೊರನಡೆದಿದ್ದವು. ಒಡಕಿನ ಭಯ ನನಗೂ ಇದೆ. ಆದರೆ ಮೌನದಿಂದಲೂ ಸಭೆ ಒಡೆಯುತ್ತದೆ. ಹಾಗೆ ಹೋಗುವವರು ಒಬ್ಬೊಬ್ಬರಾಗಿ, ಸದ್ದಿಲ್ಲದೆ ಹೋಗುವುದರಿಂದ ನಾವು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂರ್ಣವಾಗಿ ಒಪ್ಪದ ಸಭೆ ಕೂಡ ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ಹೇಳಬಹುದು. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಸಲಿಂಗ ಜೋಡಿಗಳಿಗೆ ಆಶೀರ್ವಾದ ನೀಡಲು ಪಾದ್ರಿಗಳಿಗೆ ಅನುಮತಿ ಕೊಟ್ಟಾಗ, ಅದು ವಿವಾಹವಲ್ಲ, ವಿವಾಹವಿಧಿಯಂತೆ ತೋರಲೂಬಾರದು ಎಂದು ಸ್ಪಷ್ಟವಾಗಿ ಬರೆಯಿತು. ನನಗೆ ಆ ಗೆರೆ ಒಪ್ಪಿಗೆಯಿಲ್ಲ. ಆದರೂ ಅದು ಎಲ್ಲರಿಗೂ ಕಾಣುವಂತಿದೆ.

ನಮ್ಮ ಕರಡು ಹೇಳಿಕೆ ಒಂದು ಪುಟ ಮೀರುವುದಿಲ್ಲ. ಲೈಂಗಿಕ ಅಲ್ಪಸಂಖ್ಯಾತರಿಗೂ ಅವರ ಮಕ್ಕಳಿಗೂ ದೀಕ್ಷಾಸ್ನಾನ, ಕರ್ತನ ಭೋಜನದಲ್ಲಿ ಪಾಲು, ಸದಸ್ಯತ್ವ, ಸಂಡೇ ಸ್ಕೂಲಿನಲ್ಲಿ ಕಲಿಸುವ ಹೊಣೆ, ಹಿರಿಯರ ಸ್ಥಾನಕ್ಕೆ ಸ್ಪರ್ಧಿಸುವ ಹಕ್ಕು ಇವೆ ಎಂದು ಅದರಲ್ಲಿ ಒಂದೊಂದಾಗಿ ಹೆಸರಿಸಿದ್ದೇವೆ. ವಿವಾಹದ ವಿಷಯದಲ್ಲಿ ಗುಂಪು ಒಂದಾಗಲಿಲ್ಲ. ಅದನ್ನು ಮುಚ್ಚಿಡದೆ, ಸಭೆ ಇನ್ನೂ ತೀರ್ಮಾನಕ್ಕೆ ಬಂದಿಲ್ಲವೆಂದೂ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಅದನ್ನು ಮತಕ್ಕೆ ಹಾಕುತ್ತೇವೆಂದೂ ಬರೆದಿದ್ದೇವೆ. ಕರಡನ್ನು ಸದಸ್ಯರಿಗೆ ಓದಿ ಹೇಳಿದ ದಿನ ಆ ತಾಯಿ ಒಂದು ಪ್ರತಿಯನ್ನು ಕೇಳಿ ಪಡೆದು, ಮಗನಿಗೆ ಕಳುಹಿಸುವೆನೆಂದು ಮಡಚಿ ಸತ್ಯವೇದದೊಳಗೆ ಇಟ್ಟುಕೊಂಡು ಹೋದರು.

ಇತಿ,
ಒಬ್ಬ ಸಭಾ ಹಿರಿಯ